ಹಿಂದಿನ ಸೀಟಿನಿಂದಲೂ ಗಾಡಿ ಓಡುತ್ತದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಹಿರಿಯರೊಬ್ಬರು ಬರೆದ ಪತ್ರ ಓದಿದೆ. ಅರವತ್ತರ ಆಸುಪಾಸಿನ ಗಂಡ ಹೆಂಡತಿ ಮೋಟಾರ್ ಸೈಕಲ್ ಏರಿ ಜಿಲ್ಲೆ ಜಿಲ್ಲೆ ಸುತ್ತುವುದು ಶೋಕಿ, ಅದನ್ನು ಆತ್ಮಾಭಿವ್ಯಕ್ತಿ ಎಂದು ಕರೆದುಕೊಳ್ಳುವುದು ಇನ್ನೂ ದೊಡ್ಡ ಶೋಕಿ, ಒಳಗಿನದು ಏನಾದರೂ ಹೊರಗೆ ಬರಲೇಬೇಕಿದ್ದರೆ ಕವಿತೆ ಬರೆಯಲಿ ಇಲ್ಲವೇ ವೀಣೆ ಕಲಿಯಲಿ ಎಂಬುದು ಅವರ ಪತ್ರದ ಸಾರ. ಅವರು ಯಾರ ಹೆಸರನ್ನೂ ಹೇಳಿಲ್ಲ. ಆದರೂ ಉತ್ತರ ಬರೆಯುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವಳು ಎಂದು ಯಾರಾದರೂ ನಕ್ಕರೆ ನಗಲಿ. ನಾನು ಅರವತ್ತು ದಾಟಿದ ನಿವೃತ್ತ ಗಣಿತ ಶಿಕ್ಷಕಿ. ನಮ್ಮ ಮನೆಯವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಮಳೆ ಹಿಂದೆಗೆದ ಮೇಲೆ, ಕಳೆದ ಅಕ್ಟೋಬರ್‌ನಲ್ಲಿ, ನಾವಿಬ್ಬರೂ ಹಳೆಯ ಯೆಜ್ಡಿಯಲ್ಲಿ ಮೈಸೂರಿನಿಂದ ಹೊರಟು ಚಾರ್ಮಾಡಿ ಇಳಿದು, ಕಡಲ ದಾರಿ ಹಿಡಿದು, ಕೊಲ್ಲೂರು ಘಟ್ಟ ಹತ್ತಿ, ಸಿಗಂದೂರಿನ ಹೊಸ ಸೇತುವೆ ದಾಟಿ ಸಾಗರ ಪಟ್ಟಣದ ಮೇಲೆ ಮನೆಗೆ ಬಂದೆವು.

ಮೊದಲಿಗೆ ಆ ಹಿರಿಯರೊಂದಿಗೆ ನನಗೆ ಒಪ್ಪಿಗೆಯಿರುವ ಮಾತು. ಸೈಲೆನ್ಸರ್ ಬದಲಿಸಿ, ರಾತ್ರಿ ಹನ್ನೊಂದಕ್ಕೆ ಬಡಾವಣೆಯ ಹಸುಗೂಸುಗಳನ್ನೆಲ್ಲ ಎಬ್ಬಿಸಿಕೊಂಡು ಹೋಗುವವರ ಬಗ್ಗೆ ಅವರು ಬರೆದ ಪ್ರತಿ ಅಕ್ಷರವೂ ಸರಿ. ಹಾಗೆ ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ಪೊಲೀಸರು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದಾಗ ನನಗೂ ಒಂದು ಬಗೆಯ ಸಮಾಧಾನವಾಗುತ್ತದೆ. ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ಓಡಿಸುತ್ತಾ ತಮ್ಮದೇ ಮುಖ ಚಿತ್ರಿಸಿಕೊಳ್ಳುವವರ ಪರವಾಗಿಯೂ ನಾನು ವಕಾಲತ್ತು ವಹಿಸುವುದಿಲ್ಲ. ನಮ್ಮ ಗಾಡಿ ಚಳಿಯಲ್ಲಿ ಶುರುವಾದಾಗ ನೀಲಿ ಹೊಗೆ ಬಿಡುತ್ತದೆ ಎಂಬುದನ್ನೂ ಬಚ್ಚಿಡುವುದಿಲ್ಲ. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನ ಜೊತೆಗೇ ಎಣ್ಣೆ ಸುಡಬೇಕಾದ್ದು ಅದರ ಹುಟ್ಟುಗುಣ.

ಆದರೆ ಅವರ ಪತ್ರದಲ್ಲಿ ಒಂದು ಕಡೆ ತರ್ಕ ಎಡವುತ್ತದೆ. ಗಣಿತದವಳಾದ್ದರಿಂದ ಅಲ್ಲೇ ಕೆಂಪು ಶಾಯಿ ಇಡುವ ಚಪಲ. ನಮ್ಮ ಮೈಸೂರಿನವರೇ ಆದ ಡಿ. ಕೃಷ್ಣಕುಮಾರ್ ಅವರು 2018ರಲ್ಲಿ ತಂದೆ ಕೊಟ್ಟಿದ್ದ ಹಳೆಯ ಬಜಾಜ್ ಸ್ಕೂಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಲು ಹೊರಟರು. ನಾಡಿಗೆ ನಾಡೇ ಅವರನ್ನು ಹೊಗಳಿತು, ನಾನೂ ಹೊಗಳಿದೆ, ಇಂದಿಗೂ ಹೊಗಳುತ್ತೇನೆ. ಅದೇ ಎರಡು ಚಕ್ರ, ಅದೇ ರಸ್ತೆ, ಅದೇ ಧೂಳು. ಹಿಂದೆ ಕೂತವರು ತಾಯಿಯಾಗಿದ್ದು ದಾರಿಯ ತುದಿಯಲ್ಲಿ ದೇವಸ್ಥಾನವಿದ್ದರೆ ಪುಣ್ಯಕಾರ್ಯ. ಹಿಂದೆ ಕೂತವಳು ಹೆಂಡತಿಯಾಗಿದ್ದು, ಹೋದದ್ದು ಏಕೆಂದು ಕೇಳಿದರೆ ‘ಹೋಗಬೇಕೆನಿಸಿತು’ ಎಂದಷ್ಟೇ ಉತ್ತರ ಬಂದರೆ ಶೋಕಿ. ಇನ್ನು ಆ ಹೆಂಡತಿಯೇ ಮುಂದೆ ಕೂತು ಗಂಡ ಹಿಂದೆ ಕೂತರೆ ಏನೆನ್ನಬೇಕು ಎಂಬುದು ಹಿರಿಯರಿಗೆ ಹೊಳೆದಂತಿಲ್ಲ. ಅವರ ಪತ್ರದಲ್ಲಿ ಆ ಸಾಧ್ಯತೆಯೇ ಇಲ್ಲ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. (ಪತ್ರ ಉದ್ದವಾಯಿತೆಂದು ಕತ್ತರಿ ಹಾಕುವುದಾದರೆ ದಯವಿಟ್ಟು ಈ ಪರಿಚ್ಛೇದಕ್ಕೆ ಹಾಕಿ, ಕೊನೆಯಲ್ಲಿ ಬರುವ ಶೌಚಾಲಯದ ಮಾತಿಗೆ ಬೇಡ.) ನಮ್ಮ ಮಾವನವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದಲ್ಲಿ ಇರಾನಿ ಕುಟುಂಬದವರು ಕಟ್ಟಿದ ಆ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಮೈಸೂರಿನ ಎಷ್ಟೋ ಮನೆಗಳ ಅಕ್ಕಿ ಬೇಳೆ ಆ ಗೇಟಿನಿಂದ ಬಂದದ್ದು. ಮಾವನವರು ಕೊಂಡ ರೋಡ್‌ಕಿಂಗ್ ಈಗ ನಮ್ಮ ಬಳಿ ಇದೆ. 250 ಸಿಸಿ, ನಾಲ್ಕು ಗೇರ್, ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಅದೂ ಎಡಗಡೆ. ಈಗಿನ ಹುಡುಗರಿಗೆ ಕೊಟ್ಟು ಶುರುಮಾಡಿ ನೋಡೋಣ ಎಂದರೆ ಕಿಕ್ಕರ್ ಹುಡುಕುತ್ತಾ ಗಾಡಿಗೆ ಪ್ರದಕ್ಷಿಣೆ ಹಾಕುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ ಇಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿ ಟೂ-ಟಿ ಎಣ್ಣೆಯನ್ನು ನಾವೇ ಸುರಿದುಕೊಳ್ಳಬೇಕು. ಆ ಎಣ್ಣೆಯ ಬಾಟಲಿ ನನ್ನ ಚೀಲದಲ್ಲಿ ನೀರಿನ ಬಾಟಲಿಯ ಪಕ್ಕದಲ್ಲೇ ಇರುತ್ತದೆ.

ಮದುವೆಯಾಗಿ ಬಂದಾಗ ಈ ಗಾಡಿಯ ಮೇಲೆ ನನ್ನ ಜಾಗ ಹಿಂದೆ, ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟುಕೊಂಡು. ಮಗಳು ಟ್ಯಾಂಕಿನ ಮೇಲೆ, ತರಕಾರಿ ಚೀಲ ನನ್ನ ಮಡಿಲಲ್ಲಿ, ಸೆರಗು ಹಲ್ಲಿನ ನಡುವೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಹಿಂಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಮುಚ್ಚುವ ತಡೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಒಳ್ಳೆಯ ನಿಯಮ. ಚೂಡಿದಾರದ ಶಾಲು ಚಕ್ರಕ್ಕೆ ಸುತ್ತಿ ಪ್ರಾಣ ಕಳೆದುಕೊಂಡವರ ಸುದ್ದಿಗಳನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಅಂದಕ್ಕೆ ಅಡ್ಡಿ ಎಂದು ಆ ತಡೆಯನ್ನು ಕಳಚಿಸುವ ಹುಡುಗರಿಗೆ ಅವರ ತಾಯಂದಿರು ಎರಡು ಮಾತು ಹೇಳಬೇಕು. ಆದರೆ ಒಂದು ಪಕ್ಕಕ್ಕೆ ಕೂತವರು ತಿರುವಿನಲ್ಲಿ ಗಾಡಿಯ ಜೊತೆ ವಾಲಲಾರರು. ಭಾರವೆಲ್ಲ ಒಂದೇ ಕಡೆ. ಹಿಡಿದುಕೊಳ್ಳಲು ಒಂದೇ ಕೈ. ಹಾಗೆ ಕೂತು ವರ್ಷಗಟ್ಟಲೆ ನಾನು ನೋಡಿದ್ದು ರಸ್ತೆಯ ಎಡಬದಿಯನ್ನು ಮಾತ್ರ. ಬೇಕಾದರೆ ನಂಜನಗೂಡಿನ ದಾರಿಯ ಎಡಗಡೆಯ ಅಂಗಡಿಗಳನ್ನೆಲ್ಲ ಇವತ್ತಿಗೂ ಸಾಲಾಗಿ ಹೇಳಬಲ್ಲೆ. ಬಲಗಡೆ ಏನಿತ್ತೋ ದೇವರೇ ಬಲ್ಲ.

ನಲವತ್ತು ಕಳೆದ ಮೇಲೆ ದೊಡ್ಡಕೆರೆ ಮೈದಾನದಲ್ಲಿ ಗಾಡಿ ಕಲಿತೆ. ಕಲಿಸಿದವರು ಮನೆಯವರಲ್ಲ, ಮಾವನವರು. ಪಕ್ಕದಲ್ಲಿ ನಿಂತು, ಕ್ಲಚ್ ಬಿಡುವ ಬೆರಳುಗಳನ್ನು ನೋಡುತ್ತಾ, ‘ಅದರ ಸದ್ದು ಕೇಳಮ್ಮ, ಗೇರ್ ಯಾವಾಗ ಬೇಕು ಅಂತ ಅದೇ ಹೇಳುತ್ತದೆ’ ಎನ್ನುತ್ತಿದ್ದರು. ಲೈಸೆನ್ಸ್ ಪರೀಕ್ಷೆಯ ದಿನ ಅಲ್ಲಿದ್ದ ಅಧಿಕಾರಿ ನನ್ನ ಅರ್ಜಿ ನೋಡಿ, ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಸಾಲದೇ ತಾಯಿ, ಮಾರುಕಟ್ಟೆಗೆ ಹೋಗಿ ಬರಲು ಅಷ್ಟೇ ಸಾಕಲ್ಲ ಎಂದರು. ಕೆಟ್ಟ ಮನುಷ್ಯರೇನಲ್ಲ, ಕನಿಕರದಿಂದಲೇ ಹೇಳಿದರು. ಎಂಟರ ಆಕಾರದ ಗೆರೆಯೊಳಗೆ ಕಾಲೂರದೆ ಎರಡು ಸುತ್ತು ಹಾಕಿ ತೋರಿಸಿದ ಮೇಲೆ ಮಾತಿಲ್ಲದೆ ರುಜು ಹಾಕಿದರು. ಎಂಟನ್ನು ನಾನು ಮಕ್ಕಳಿಗೆ ಎಷ್ಟು ಸಲ ಬರೆದು ತೋರಿಸಿಲ್ಲ.

ಈಗ ಹಿರಿಯರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗಾಡಿ ಓಡಿಸುವುದರಲ್ಲಿ ಅಭಿವ್ಯಕ್ತಿ ಎಲ್ಲಿಂದ ಬಂತು? ರಸ್ತೆ ಸರ್ಕಾರದ್ದು, ಗಾಡಿ ಕಾರ್ಖಾನೆಯದು, ತಿರುವು ಘಟ್ಟದ್ದು, ಇದರಲ್ಲಿ ನಿಮ್ಮದೇನಿದೆ ಎಂದು ಅವರು ಕೇಳುತ್ತಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕದ ಪುಸ್ತಕ ತಿದ್ದಿದವಳು. ಒಂದೇ ಲೆಕ್ಕವನ್ನು ತರಗತಿಯ ಅಷ್ಟೂ ಮಕ್ಕಳು ಮಾಡಿರುತ್ತಾರೆ, ಉತ್ತರವೂ ಒಂದೇ ಇರುತ್ತದೆ. ಆದರೆ ಹೆಸರು ಮುಚ್ಚಿಟ್ಟು ಬರೀ ಹೆಜ್ಜೆಗಳನ್ನು ತೋರಿಸಿದರೆ ಇದು ಯಾರ ಪುಸ್ತಕ ಎಂದು ಹೇಳಿಬಿಡುತ್ತಿದ್ದೆ. ಯಾರು ಎಲ್ಲಿ ಅವಸರ ಮಾಡುತ್ತಾರೆ, ಯಾರು ಪಕ್ಕದಲ್ಲಿ ಪುಟ್ಟದಾಗಿ ಗುಣಿಸಿ ಖಚಿತ ಮಾಡಿಕೊಳ್ಳುತ್ತಾರೆ, ಯಾರು ಧೈರ್ಯವಾಗಿ ಎರಡು ಹೆಜ್ಜೆ ಹಾರುತ್ತಾರೆ, ಎಲ್ಲ ಅಲ್ಲಿ ಕಾಣುತ್ತದೆ. ಚಾರ್ಮಾಡಿಯ ಒಂದೊಂದು ತಿರುವೂ ಹಾಗೆಯೇ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಟ್ಟ ಇಳಿಯಲು ಶುರುಮಾಡಿದಾಗ ಗಾಡಿ ಮನೆಯವರ ಕೈಯಲ್ಲಿತ್ತು. ಟೂ ಸ್ಟ್ರೋಕ್ ಗಾಡಿಯನ್ನು ಘಟ್ಟ ಇಳಿಸುವುದಕ್ಕೆ ಒಂದು ಕ್ರಮವಿದೆ. ಥ್ರಾಟಲ್ ಪೂರ್ತಿ ಮುಚ್ಚಿ, ಎಂಜಿನ್ನಿನ ತಡೆಯ ಮೇಲೇ ಮೈಲಿಗಟ್ಟಲೆ ಇಳಿಯುವಂತಿಲ್ಲ. ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು, ಪಿಸ್ಟನ್ ಒಣಗಿ ಕಚ್ಚಿಕೊಂಡೀತು. ಹಾಗಾಗಿ ಇಳಿಯುತ್ತಾ ಇಳಿಯುತ್ತಾ ನಡುನಡುವೆ ಕ್ಲಚ್ ಹಿಡಿದು ಸಣ್ಣಗೆ ಥ್ರಾಟಲ್ ತಿರುವಿ ಎಂಜಿನ್ನಿಗೆ ಒಂದು ಗುಟುಕು ಕುಡಿಸಬೇಕು. ಎಲ್ಲಿ ಕುಡಿಸಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಮನೆಯವರು ಅದನ್ನು ತಿರುವು ಮುಗಿದ ತಕ್ಷಣ ಮಾಡುತ್ತಾರೆ, ನಾನು ತಿರುವಿಗೆ ಬಹಳ ಮೊದಲೇ ಮಾಡಿ ಮುಗಿಸುತ್ತೇನೆ. ಅವರು ತಿರುವಿನ ಬಾಯಿಗೆ ಬಂದು ಬ್ರೇಕ್ ಒತ್ತುತ್ತಾರೆ. ನಾನು ದೂರದಿಂದಲೇ ಗೇರ್ ಇಳಿಸಿ, ಎದುರಿನ ರಸ್ತೆ ಕಣ್ಣಿಗೆ ಬೀಳುವವರೆಗೆ ಕೈ ತಿರುವುವುದಿಲ್ಲ. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಗಾಡಿಯನ್ನು ಆ ಬಾಗಿನಲ್ಲಿ ಹಿಡಿದಿಡಲು ಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಹರಕು ಟಾರಿನ ಮೇಲೆ ಅಷ್ಟು ಹಿಡಿತ ಸಿಗುತ್ತದೆಂದು ನಂಬುವುದಕ್ಕೆ ನನ್ನ ಲೆಕ್ಕ ಒಪ್ಪುವುದಿಲ್ಲ. ಅವರು ನಂಬುತ್ತಾರೆ, ಮತ್ತು ಇದುವರೆಗೆ ಅವರ ನಂಬಿಕೆ ಸುಳ್ಳಾಗಿಲ್ಲ ಎಂಬುದನ್ನೂ ಹೇಳಬೇಕು.

ಇದರಲ್ಲಿ ನನಗೆ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಮನೆಯಲ್ಲಿ ಸಿಡುಕಿ ಎಂದರೆ ನಾನು. ಹಾಲು ಉಕ್ಕಿದರೂ ಸರಿ, ವಿದ್ಯುತ್ ಹೋದರೂ ಸರಿ, ನನ್ನ ಧ್ವನಿ ಪಕ್ಕದ ಮನೆಗೆ ಕೇಳುತ್ತದೆ. ಅವರು ಶಾಂತಮೂರ್ತಿ. ಬ್ಯಾಂಕಿನ ಸಾಲಿನಲ್ಲಿ ಒಂದು ಗಂಟೆ ನಿಂತರೂ ಹುಬ್ಬು ಗಂಟಿಕ್ಕುವುದಿಲ್ಲ. ಗಾಡಿ ಕೈಗೆ ಬಂದರೆ ಇಬ್ಬರೂ ಅದಲು ಬದಲು. ಮರದ ದಿಮ್ಮಿ ಹೇರಿಕೊಂಡ ಲಾರಿಯೊಂದು ಮುಂದೆ ತೆವಳುತ್ತಿದ್ದರೆ ಅವರ ಬೆನ್ನು ಬಿಗಿಯುವುದು ಹಿಂದೆ ಕೂತ ನನಗೆ ಗೊತ್ತಾಗುತ್ತದೆ. ನಾನಾದರೆ ಅದರ ಹಿಂದೆ ಅರ್ಧ ಘಟ್ಟ ಬೇಕಾದರೂ ಇಳಿಯುತ್ತೇನೆ, ಒಂದು ಸಲವೂ ಹಾರ್ನ್ ಮಾಡದೆ. ಇಷ್ಟು ವರ್ಷ ಸಂಸಾರ ಮಾಡಿದರೂ ಅವರ ಒಳಗಿನ ಈ ಆತುರ ನನಗೆ ಬೇರೆಲ್ಲೂ ಕಂಡಿರಲಿಲ್ಲ. ನನ್ನೊಳಗೆ ಇಷ್ಟು ತಾಳ್ಮೆ ಇದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದರೆ ಒಬ್ಬರೂ ನಂಬುವುದಿಲ್ಲ. ಹಿರಿಯರು ಕವಿತೆ ಬರೆಯಿರಿ ಎನ್ನುತ್ತಾರೆ. ಕವಿತೆಯಲ್ಲಾದರೆ ನಾನು ನನ್ನ ಬಗ್ಗೆ ಒಳ್ಳೊಳ್ಳೆಯದನ್ನೇ ಬರೆದುಕೊಳ್ಳಬಹುದಿತ್ತು. ತಿರುವಿನಲ್ಲಿ ಆ ಅನುಕೂಲ ಇಲ್ಲ.

ಹಿಂದೆ ಕೂತವರು ಸುಮ್ಮನೆ ಹೊರೆ ಎಂಬ ಭಾವನೆ ಅವರ ಪತ್ರದಲ್ಲಿದೆ. ಅದನ್ನು ಒಪ್ಪಲಾರೆ. ತಿರುವಿನಲ್ಲಿ ಮುಂದಿನವರ ಜೊತೆ ಹಿಂದಿನವರೂ ವಾಲಬೇಕು. ಹೆದರಿ ನೆಟ್ಟಗೆ ಕೂತರೆ ಗಾಡಿ ತಿರುವಿನ ಹೊರಗಡೆಗೆ ಹೋಗಲು ನೋಡುತ್ತದೆ. ಬ್ರೇಕ್ ಒತ್ತುವ ಮುನ್ನವೇ ಮೊಣಕಾಲು ಬಿಗಿಹಿಡಿದು ತಮ್ಮ ಭಾರವನ್ನು ತಾವೇ ತಡೆದುಕೊಳ್ಳಬೇಕು, ಇಲ್ಲವಾದರೆ ಇಬ್ಬರ ಭಾರವೂ ಮುಂದಿನವರ ಮಣಿಕಟ್ಟಿನ ಮೇಲೆ. ಹೆಲ್ಮೆಟ್‌ನೊಳಗೆ ಸಿಕ್ಕಿಸಿಕೊಂಡು ಮಾತಾಡುವ ಯಂತ್ರಗಳು ಈಗ ಬಂದಿವೆ. ಮಗಳು ತಂದುಕೊಡುತ್ತೇನೆ ಎಂದಳು, ಬೇಡ ಎಂದೆವು. ನಮ್ಮದೇ ಸಂಜ್ಞೆಗಳಿವೆ. ಬಲ ಭುಜಕ್ಕೆ ಒಂದು ತಟ್ಟು, ನಿಲ್ಲಿಸಿ. ಎರಡು ತಟ್ಟು, ನಿಧಾನ. ಬೆನ್ನಿನ ಮೇಲೆ ಬೆರಳಿನ ಸುತ್ತು, ಕಾಫಿ. ಎಡ ಭುಜ ತಟ್ಟಿದರೆ, ಏನನ್ನೋ ನೋಡಿದೆ, ಆಮೇಲೆ ಹೇಳುತ್ತೇನೆ ಎಂದು ಅರ್ಥ. ನಾರಾವಿಯಿಂದ ಕಾರ್ಕಳದ ಕಡೆ ಹೋಗುವಾಗ ನನ್ನ ಎಡ ಭುಜಕ್ಕೆ ಬಿದ್ದ ತಟ್ಟುಗಳಿಗೆ ಲೆಕ್ಕವೇ ಇಲ್ಲ, ಏಕೆಂದರೆ ಆಗ ಮುಂದೆ ನಾನಿದ್ದೆ, ಹಿಂದೆ ಅವರು. ಉಡುಪಿಯಲ್ಲಿ ಇಳಿದು ಕಾಫಿ ಕುಡಿಯುತ್ತಾ ಅವರು ಪಟ್ಟಿ ಒಪ್ಪಿಸಿದರು. ಕೊಯ್ಲಿಗೆ ಬಂದ ಗದ್ದೆಯಲ್ಲಿ ನವಿಲು, ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ, ಶಾಲೆಯ ಗೋಡೆಯ ಮೇಲೆ ಮಕ್ಕಳು ಬರೆದ ಯಕ್ಷಗಾನದ ವೇಷ. ನಾನು ನೋಡಿದ್ದು ಟಾರು, ಹೊಂಡ, ಖಾಸಗಿ ಬಸ್ಸುಗಳ ಹಿಂಭಾಗ ಮತ್ತು ಬಣ್ಣ ಬಳಿಯದ ರಸ್ತೆ ಉಬ್ಬುಗಳು. ಹೋದ ದಾರಿ ಒಂದೇ, ಕಂಡ ಊರುಗಳು ಎರಡು. ಅದಕ್ಕೇ ನಾವು ಜಾಗ ಬದಲಿಸುತ್ತಿರುತ್ತೇವೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎಲ್ಲರೂ ಅಲ್ಲಿ ನಿಂತು ಚಿತ್ರ ತೆಗೆಯುತ್ತಾರೆ, ನಾವೂ ತೆಗೆದೆವು. ಚಿತ್ರದಲ್ಲಿ ಬಾರದಿರುವುದು ಅಡ್ಡಗಾಳಿ. ಕಡಲಿನಿಂದ ಬೀಸುವ ಗಾಳಿಗೆ ಗಾಡಿಯನ್ನು ತುಸು ವಾಲಿಸಿಯೇ ನೇರಕ್ಕೆ ಓಡಿಸಬೇಕು. ನಡುವೆ ಲಾರಿಯೊಂದು ಗಾಳಿಗೆ ಅಡ್ಡ ಬಂದರೆ ಆ ಒತ್ತಡ ತಟ್ಟನೆ ಇಲ್ಲವಾಗುತ್ತದೆ, ಲಾರಿ ದಾಟಿದೊಡನೆ ಮತ್ತೆ ಗುದ್ದುತ್ತದೆ. ಆ ಹೊತ್ತಿನಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದವರೇ ಹೆಚ್ಚು ಓಲಾಡುವುದು. ಹಿಡಿ ಸಡಿಲಿಸಿ, ಸೊಂಟದಿಂದ ಗಾಡಿ ನಡೆಸು ಎಂದು ಮಾವನವರು ಹೇಳುತ್ತಿದ್ದುದು ನನಗೆ ಪೂರ್ತಿ ಅರ್ಥವಾದದ್ದು ಅಲ್ಲಿ.

ಬೈಂದೂರಿನಿಂದ ಕೊಲ್ಲೂರು, ನಾಗೋಡಿಯ ಘಟ್ಟ, ಕಾಡು. ಆ ದಾರಿಯ ಬಗ್ಗೆ ಬರೆಯಲು ಹೊರಟರೆ ನಿಮ್ಮ ಪುಟ ಸಾಲದು, ಬಿಡುತ್ತೇನೆ. ಸಿಗಂದೂರಿನ ವಿಷಯ ಮಾತ್ರ ಹೇಳಲೇಬೇಕು. ಹಿಂದೆ ಅಲ್ಲಿಗೆ ಹೋದಾಗ ಗಾಡಿಯನ್ನು ಲಾಂಚಿಗೆ ಹತ್ತಿಸಿ, ಬಸ್ಸು, ಕಾರು, ಜನ, ಕೋಳಿ ಬುಟ್ಟಿಗಳ ನಡುವೆ ಶರಾವತಿಯ ಹಿನ್ನೀರು ದಾಟಿದ್ದೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗು ಕೇಬಲ್‌ಗಳ ಸೇತುವೆ ಬಂತು. ಮೋಟಾರ್ ಸೈಕಲ್ ಸವಾರರಲ್ಲಿ ಅನೇಕರು ಲಾಂಚಿನ ಸೊಗಸು ಹೋಯಿತಲ್ಲ ಎಂದು ಕೊರಗುವುದನ್ನು ಕೇಳಿದ್ದೇನೆ. ಸಾಗರದ ಕಡೆಯ ದಡದಲ್ಲಿ ಚಹಾ ಕೊಟ್ಟ ಹೆಂಗಸಿನ ಮುಂದೆ ನಮ್ಮವರೂ ಅಂಥದ್ದೇ ಒಂದು ಮಾತು ಆಡಿದರು. ಆಕೆ ಲೋಟ ತೊಳೆಯುತ್ತಲೇ, ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿನ ಸೊಗಸು ಗೊತ್ತಾಗುತ್ತಿತ್ತು ಅಣ್ಣಾ ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗಿನಿಂದ ಕರೂರು, ಬಾರಂಗಿ ಹೋಬಳಿಯವರು ಆಚೆ ದಡದವರಾಗಿಯೇ ಉಳಿದಿದ್ದರು. ನಾಡಿಗೆಲ್ಲ ಬೆಳಕು ಕೊಟ್ಟು ತಾವು ಸಂಜೆಯ ಕೊನೆಯ ಲಾಂಚಿಗೆ ಓಡಬೇಕಾಗಿದ್ದವರ ದಾರಿ ನಮ್ಮ ರಜೆಯ ಸೊಗಸಿಗಾಗಿ ಇರುವುದಲ್ಲ. ಗಾಡಿ ಏರಿ ಹೋಗದಿದ್ದರೆ ಈ ಮಾತು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಕಾರಿನಲ್ಲಾದರೆ ಗಾಜು ಏರಿಸಿಕೊಂಡು ಸೇತುವೆಯ ಮೇಲೆ ಹೋಗಿಬಿಡುತ್ತಿದ್ದೆವು. ಮೋಟಾರ್ ಸೈಕಲ್ಲಿನವರಿಗೆ ಬೆನ್ನು ನೋಯುತ್ತದೆ, ಅಲ್ಲಲ್ಲಿ ಇಳಿಯಲೇಬೇಕು.

ನಾನು ಮುಂದೆ ಕೂತಾಗ ಎದುರಾಗುವ ಜನರ ಬಗ್ಗೆಯೂ ಹಿರಿಯರಿಗೆ ತಿಳಿದಿರಲಿ. ದಾರಿಯ ಒಂದು ತನಿಖಾ ಠಾಣೆಯಲ್ಲಿ ಕೈ ಅಡ್ಡ ಹಿಡಿದ ಪೇದೆ ನೇರ ನಮ್ಮ ಮನೆಯವರ ಬಳಿ ಹೋಗಿ ಲೈಸೆನ್ಸ್ ಕೇಳಿದರು. ಹ್ಯಾಂಡಲ್ ನನ್ನ ಕೈಯಲ್ಲಿ, ಎಂಜಿನ್ ಓಡುತ್ತಿರುವುದು ನನ್ನ ಕೆಳಗೆ, ಕಾಗದ ಕೇಳಿದ್ದು ಹಿಂದೆ ಕೂತವರನ್ನು. ‘ಓಡಿಸುತ್ತಿರುವುದು ಅವರು, ಅವರನ್ನೇ ಕೇಳಿ ಸ್ವಾಮಿ’ ಎಂದು ಇವರು ಹೇಳಿದ ಮೇಲೂ ನನ್ನ ಲೈಸೆನ್ಸನ್ನು ನೋಡಿ ಇವರ ಕೈಗೇ ಹಿಂದಿರುಗಿಸಿದರು. ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಟ್ಟದ್ದು ನಾನು, ಚಿಲ್ಲರೆ ಹೋದದ್ದು ಇವರಿಗೆ. ನನಗೆ ಕೋಪ ಬರಲಿಲ್ಲ, ಆಗಲೇ ಹೇಳಿದೆನಲ್ಲ, ರಸ್ತೆಯ ಮೇಲೆ ನಾನು ತಾಳ್ಮೆಯವಳು. ಇವರಿಗೆ ಬಂತು. ಇನ್ನು ಸೀರೆ ಬಿಟ್ಟು ಪ್ಯಾಂಟು, ದಪ್ಪ ಜಾಕೆಟ್ಟು ಹಾಕಿಕೊಂಡದ್ದಕ್ಕೆ ನಮ್ಮ ಬೀದಿಯಲ್ಲಿ ಆಡಿಕೊಂಡವರಿದ್ದಾರೆ. 1916ರಲ್ಲಿ ಅಮೆರಿಕದ ವ್ಯಾನ್ ಬ್ಯೂರನ್ ಅಕ್ಕತಂಗಿಯರು ಮೋಟಾರ್ ಸೈಕಲ್‌ಗಳಲ್ಲಿ ಆ ಇಡೀ ದೇಶ ದಾಟಿದಾಗ ಸಣ್ಣ ಊರುಗಳಲ್ಲಿ ಪೊಲೀಸರು ಅವರನ್ನು ಹಿಡಿದದ್ದು ವೇಗಕ್ಕಲ್ಲ, ಗಂಡಸರ ಉಡುಪು ಹಾಕಿದ್ದಕ್ಕೆ. ನಮ್ಮ ಬೀದಿಯವರು ಬರೀ ಆಡಿಕೊಂಡರು. ಅಷ್ಟರಮಟ್ಟಿಗೆ ಕಾಲ ಸುಧಾರಿಸಿದೆ.

ಹಿಂದೆ ಕೂತವರ ತಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಸರ್ಕಾರಕ್ಕೂ ಬಹಳ ಕಾಲ ಹಿಡಿಯಿತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಓಡಿಸುವವರಿಗೂ ಕೂತವರಿಗೂ ಹೆಲ್ಮೆಟ್ ಎಂದೇ ಇತ್ತು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರ ಹೆಲ್ಮೆಟ್ ನಿಜವಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಆಗ ಕೂದಲು ಕೆಡುತ್ತದೆ, ಹೂ ಮುಡಿಯಲಾಗದು ಎಂದು ಎಷ್ಟು ಪತ್ರಗಳು ಬಂದವು, ನಿಮಗೇ ನೆನಪಿರಬಹುದು. ಈಗಲೂ ಗಂಡನ ತಲೆಗೆ ಐಎಸ್ಐ ಗುರುತಿನ ಪೂರ್ಣ ಹೆಲ್ಮೆಟ್, 
ಹೆಂಡತಿಯ ತಲೆಗೆ ರಸ್ತೆ ಬದಿಯಲ್ಲಿ ಕೊಂಡ ಪ್ಲಾಸ್ಟಿಕ್ ಟೊಪ್ಪಿಗೆ, ಇಂಥ ಜೋಡಿಗಳನ್ನು ದಿನವೂ ನೋಡುತ್ತೇನೆ. ಪತ್ರ ಬರೆದ ಹಿರಿಯರು ಈ ಬಗ್ಗೆ ಬರೆದಿದ್ದರೆ ಅವರ ಪಕ್ಕದಲ್ಲೇ ರುಜು ಹಾಕುತ್ತಿದ್ದೆ.

ಮೋಟಾರ್ ಸೈಕಲ್ ಪ್ರವಾಸ ಎಂದೊಡನೆ ಜನ ಲಡಾಖಿಗೆ ಹೋಗಿದ್ದೀರಾ ಎಂದು ಕೇಳುತ್ತಾರೆ. ಇಲ್ಲ. ಅಲ್ಲಿನ 19,024 ಅಡಿ ಎತ್ತರದ ಉಮ್ಲಿಂಗ್ ಲಾ ಎಂಬ ಬೆಟ್ಟದ ಹಾದಿಯ ಫಲಕದ ಮುಂದೆ ನಿಂತ ಚಿತ್ರ ನಮ್ಮ ಬಳಿ ಇಲ್ಲ, ಬೇಕೂ ಇಲ್ಲ. ನಮಗೆ ದೊಡ್ಡ ಕಷ್ಟ ಎತ್ತರದ್ದಲ್ಲ, ಬೆಂಗಳೂರಿನ ಮಗಳ ಮನೆಗೆ ಹೋಗುವುದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಅಷ್ಟು ವೇಗದ ಕಾರುಗಳ ನಡುವೆ ನಮ್ಮಂಥವರು ಬೇಡ ಎಂಬ ಕಾರಣವನ್ನು ಒಪ್ಪುತ್ತೇನೆ. ಆದರೆ ನಮ್ಮನ್ನು ಕಳುಹಿಸಿದ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಎದುರಿನಿಂದಲೇ ಬರುತ್ತದೆ. ಅದರ ಬಗ್ಗೆ ಯಾವ ಫಲಕವೂ ಏನನ್ನೂ ಹೇಳುವುದಿಲ್ಲ.

ಇನ್ನು ಶೌಚಾಲಯ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಇರಬೇಕೆಂಬ ಕಟ್ಟಳೆ ಇದೆ, ಕಟ್ಟಡವೂ ಇದೆ. ಬೀಗವೂ ಇದೆ. ಬೀಗದ ಕೈ ಊಟಕ್ಕೆ ಹೋದವರ ಜೇಬಿನಲ್ಲಿ ಇರುತ್ತದೆ. ಗಾಡಿ ಓಡಿಸುವ ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಹೊರಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ, ಆಮೇಲೆ ಹೆಂಗಸರಿಗೆ ದೂರದ ಸವಾರಿ ಆಗಿಬರುವುದಿಲ್ಲ ಎಂಬ ಮಾತು. ನೀವು ಪ್ರವಾಸದ ಪುರವಣಿಗಳಲ್ಲಿ ಜಲಪಾತಗಳ ಪಟ್ಟಿ ಕೊಡುತ್ತೀರಿ, ಹೋಟೆಲುಗಳ ಪಟ್ಟಿ ಕೊಡುತ್ತೀರಿ. ಒಂದು ಹೆದ್ದಾರಿ ಹಿಡಿದು, ಬಾಗಿಲು ತೆರೆದಿರುವ ಶುಚಿಯಾದ ಶೌಚಾಲಯಗಳ ಪಟ್ಟಿಯನ್ನು ನಿಮ್ಮ ವರದಿಗಾರ್ತಿಯರಿಂದ ಮಾಡಿಸಿ ಪ್ರಕಟಿಸಿದರೆ ಮೋಟಾರ್ ಸೈಕಲ್ಲಿನವರಿಗಷ್ಟೇ ಅಲ್ಲ, ಬಸ್ಸಿನಲ್ಲಿ ಹೋಗುವ ಪ್ರತಿ ಹೆಂಗಸಿಗೂ ಉಪಕಾರ. ಹಾಗೆಯೇ, ದಂಪತಿಯ ಸವಾರಿ ಎಂದು ಚಿತ್ರ ಹಾಕುವಾಗ ಒಮ್ಮೆಯಾದರೂ ಗಂಡನನ್ನು ಹಿಂದೆ ಕೂರಿಸಿ. ಬೇಕಾದರೆ ನಮ್ಮದೇ ಚಿತ್ರ ಕಳುಹಿಸುತ್ತೇನೆ. ಮನೆಯವರ ಒಪ್ಪಿಗೆ ಪಡೆದಾಗಿದೆ.

ಈ ವಯಸ್ಸಿನಲ್ಲಿ ಇದನ್ನೆಲ್ಲ ಎಂದಿಗೆ ನಿಲ್ಲಿಸುತ್ತಾರೋ ಎಂದು ಹಿರಿಯರು ತಮ್ಮ ಪತ್ರ ಮುಗಿಸಿದ್ದಾರೆ. ಅದಕ್ಕೆ ಕಾನೂನಿನಲ್ಲೇ ಏರ್ಪಾಡಿದೆ. ಐವತ್ತೈದು ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಗೂ ಅದೇ ಐದು ವರ್ಷದ ಗಡುವು, ಅದನ್ನೂ ಪರೀಕ್ಷೆ ಮಾಡಿಸಬೇಕು. ನಾವು ಮೂವರೂ ಸದ್ಯಕ್ಕೆ ಪಾಸಾಗಿದ್ದೇವೆ. ಬರುವ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟದ ಮೇಲೆ ಅಂಕೋಲೆಗೆ ಇಳಿಯುವ ಯೋಚನೆಯಿದೆ. ಆ ದಾರಿಯಲ್ಲಿ ಬೀಗ ಹಾಕದ ಶೌಚಾಲಯ ಎಲ್ಲೆಲ್ಲಿದೆ ಎಂದು ಬಲ್ಲ ಓದುಗರು ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಬೇಕು. ಟೂ-ಟಿ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಸೇರಿಸಿದರೆ ಮನೆಯವರಿಗೆ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ಮೈಸೂರು